ನಾಲ್ಕು ಮೈಕ್ರಾನ್

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮೈಕ್ರಾನ್. ತಲೆಕೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ ಇರುತ್ತದೆ. ಇಷ್ಟನ್ನು ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗಲೇ ತಿಳಿದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ನಾಲ್ಕು ಮೈಕ್ರಾನ್ ಎಂದರೆ ಎಷ್ಟು ಎಂಬುದು ನನಗೆ ಗೊತ್ತಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಶೆಡ್ಡಿನಲ್ಲಿ. ಒಬ್ಬ ಮನುಷ್ಯನನ್ನು ಅವನ ಯಂತ್ರದಿಂದ ಎಬ್ಬಿಸಿ ಕಳಿಸಲು ಅಷ್ಟು ಸಾಕಾಗಿತ್ತು.

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಅಂಕಿಗಳೆಲ್ಲ ರಿಜಿಸ್ಟರಿನಿಂದ, ನನ್ನ ನೋಟ್‌ಬುಕ್ಕಿನಿಂದ, ಫೋನಿನ ಫೋಟೋಗಳಿಂದ ತೆಗೆದದ್ದು. ಮಾತುಗಳು ಮಾತ್ರ ನೆನಪಿನವು. ಅವುಗಳಲ್ಲಿ ಒಂದೆರಡು ಪದ ಆಚೀಚೆ ಆಗಿದ್ದರೆ ಆಶ್ಚರ್ಯವಿಲ್ಲ.

ಆ ಶೆಡ್ಡಿನಲ್ಲಿ ನಾವು ಹತ್ತು ಜನ. ಯಂತ್ರಗಳಿಗೆ ಬೇಕಾಗುವ ಉಕ್ಕಿನ ಪಿನ್ನು, ಶಾಫ್ಟುಗಳನ್ನು ಕೊನೆಯ ಅಳತೆಗೆ ಅರೆದು ಕೊಡುವುದು ನಮ್ಮ ಕಸುಬು. ಮಾಲೀಕರು ನನಗಿಂತ ಹತ್ತು ವರ್ಷ ಚಿಕ್ಕವರು, ತಂದೆ ಕಟ್ಟಿದ ಶೆಡ್ಡನ್ನು ನಡೆಸುತ್ತಿದ್ದರು. ನಾನು ಎರಡು ಕಾಲೇಜು, ಒಂದು ಟ್ಯೂಷನ್ ಕೇಂದ್ರ, ಒಂದು ಪ್ರಕಾಶನ ಸಂಸ್ಥೆ ಬಿಟ್ಟು ಅಲ್ಲಿಗೆ ಬಂದು ಸೇರಿದ್ದೆ. ಎಲ್ಲೂ ನಾಲ್ಕು ವರ್ಷಕ್ಕಿಂತ ಹೆಚ್ಚು ನಿಂತವನಲ್ಲ. ನನ್ನ ಕೆಲಸ ಅಳತೆಯ ಉಪಕರಣಗಳನ್ನು ಸರಿಯಾಗಿಟ್ಟುಕೊಳ್ಳುವುದು ಮತ್ತು ಗಿರಾಕಿ ಕಂಪನಿಗಳು ಕೇಳುವ ಕಾಗದಗಳನ್ನು ಬರೆಯುವುದು. ಪಿನ್ನುಗಳನ್ನು ಅಳೆಯುವುದು ಮಾತ್ರ ಅವನ್ನು ಮಾಡಿದವರದ್ದೇ ಜವಾಬ್ದಾರಿ. ಸಣ್ಣ ಶೆಡ್ಡುಗಳಲ್ಲೆಲ್ಲ ಇದೇ ಪದ್ಧತಿ.

ಉಕ್ಕು ಅರೆಯುವ ಗ್ರೈಂಡರಿನ ಮೇಲೆ ಇದ್ದವರು ಐವತ್ತೇಳು ವರ್ಷದ ಹಿರಿಯರು. ದಾವಣಗೆರೆ ಕಡೆಯವರು, ಕೆಂಗೇರಿ ಉಪನಗರದಲ್ಲಿ ಮನೆ. ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಎಳೆದುಕೊಂಡು, ಎರಡು ಬಸ್ಸು ಬದಲಿಸಿ ಎಂಟು ಗಂಟೆಗೆ ಮುಂಚೆಯೇ ಬಂದುಬಿಡುತ್ತಿದ್ದರು. ಮಾಲೀಕರ ತಂದೆಯ ಕಾಲದಿಂದ ಅದೇ ಯಂತ್ರ. ಎಲ್ಲರಿಗೂ ಅವರು ಅಣ್ಣ. ಚಕ್ರ ಉಕ್ಕನ್ನು ಮುಟ್ಟಿದಾಗ ಹಾರುವ ಕಿಡಿ ನಿಲ್ಲುವವರೆಗೂ ಕಾದು, ಪಿನ್ನು ತಣ್ಣಗಾದ ಮೇಲೆ ಮೈಕ್ರೊಮೀಟರ್ ಹಿಡಿಯುತ್ತಿದ್ದರು. ಅದರ ಕೊಳವೆಯ ಮೇಲೆ ಕೂದಲೆಳೆಯಂಥ ಗೆರೆಗಳಿರುತ್ತವೆ. ಯಾವ ಗೆರೆ ಯಾವುದಕ್ಕೆ ಕೂಡುತ್ತದೆ ಎಂದು ನೋಡಿ ಒಂದೊಂದು ಮೈಕ್ರಾನ್ ಓದಬೇಕು. ಈಗ ಅಂಕಿಯನ್ನೇ ತೋರಿಸುವ ಡಿಜಿಟಲ್ ಉಪಕರಣಗಳು ಬಂದಿವೆ. ಅವರಿಗೆ ಅವು ಬೇಡ. ಬ್ಯಾಟರಿ ಇಳಿದಾಗ ಅದು ಸುಳ್ಳು ಹೇಳಿದರೆ ತನಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ, ದಸರಾ ಮುಗಿದು ಮೂರು ವಾರವಾಗಿತ್ತು. ಒಂದು ಗುರುವಾರ ಗಿರಾಕಿ ಕಂಪನಿಯಿಂದ ಮೇಲ್ ಬಂತು. ನಾವು ಕಳಿಸಿದ ಪಿನ್ನುಗಳ ಮೂರನೆಯ ಲಾಟು ತಿರಸ್ಕೃತವಾಗಿದೆ, ಪಿನ್ನುಗಳು ದಪ್ಪವಾಗಿವೆ, ರಂಧ್ರದೊಳಗೆ ಇಳಿಯುತ್ತಿಲ್ಲ. ಮೂವತ್ತೆರಡು ಮಿಲಿಮೀಟರ್ ಪಿನ್ನು ಅದು, ಮೂರು ಮೈಕ್ರಾನ್ ಹೆಚ್ಚು ಅಥವಾ ಮೂರು ಕಡಿಮೆ ಇರಬಹುದು, ಅದಕ್ಕಿಂತ ಆಚೆ ಹೋಗುವಂತಿಲ್ಲ. ಅವರು ನಲವತ್ತು ಪಿನ್ನು ಅಳೆದು ಅಂಕಿಗಳನ್ನು ಕಳಿಸಿದ್ದರು. ಲಾಟು ಅವರಲ್ಲೇ ಇರುತ್ತದೆ, ಸೋಮವಾರದೊಳಗೆ ಕಾರಣ ಏನು, ಏನು ಕ್ರಮ ತೆಗೆದುಕೊಂಡಿರಿ ಎಂದು ಬರೆದು ಕಳಿಸಿ ಎಂದಿದ್ದರು.

ಮಾಲೀಕರು ನನ್ನನ್ನೂ ಅಣ್ಣನನ್ನೂ ಕರೆದರು. ಆ ಪಿನ್ನಿನ ಆರ್ಡರ್ ಮುಗಿದು ಗ್ರೈಂಡರಿನ ಮೇಲೆ ಬೇರೆ ಸಣ್ಣ ಕೆಲಸ ಕೂತಿತ್ತು, ಆದ್ದರಿಂದ ತಕ್ಷಣ ಎದುರಿಗಿಟ್ಟು ನೋಡಲು ಒಂದು ಪಿನ್ನೂ ನಮ್ಮಲ್ಲಿ ಉಳಿದಿರಲಿಲ್ಲ. ಇದ್ದದ್ದು ಮೈಕ್ರೊಮೀಟರ್ ಮಾತ್ರ. ಇಪ್ಪತ್ತೈದರಿಂದ ಐವತ್ತು ಮಿಲಿಮೀಟರಿನವರೆಗೆ ಅಳೆಯುವ ಮೈಕ್ರೊಮೀಟರಿನ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಅದು ಸರಿ ಇದೆಯೇ ಎಂದು ನೋಡಲು ನಿಖರವಾಗಿ ಇಪ್ಪತ್ತೈದು ಮಿಲಿಮೀಟರ್ ಉದ್ದದ ಒಂದು ಉಕ್ಕಿನ ತುಂಡು ಬೇಕು. ಅದಕ್ಕೆ ಸೆಟ್ಟಿಂಗ್ ರಾಡ್ ಎನ್ನುತ್ತೇವೆ. ಅದು ನನ್ನ ಬೀರುವಿನಲ್ಲಿ, ನನ್ನ ಬೀಗದೊಳಗೆ ಇರುತ್ತಿತ್ತು. ಅದನ್ನು ತಂದು ಎಲ್ಲರ ಎದುರು ಮೈಕ್ರೊಮೀಟರಿನ ಬಾಯಿಗೆ ಹಿಡಿದೆ. ಇಪ್ಪತ್ತೈದು. ಒಂದು ಮೈಕ್ರಾನ್ ಅತ್ತಿಲ್ಲ, ಇತ್ತಿಲ್ಲ. ಮಾಲೀಕರು ತಾವೂ ಕಣ್ಣಿಟ್ಟು ನೋಡಿದರು.

ಉಪಕರಣ ಸರಿ ಇದೆ ಎಂದಾದ ಮೇಲೆ ಉಳಿದದ್ದು ಅದನ್ನು ಓದಿದ ಕಣ್ಣು. ಅದನ್ನು ಬಾಯಿಬಿಟ್ಟು ಅಣ್ಣನೇ ಹೇಳಿದರು.

“ನಾನು ನೋಡಿದ್ದು ಮೂವತ್ತೆರಡೇ ಸಾರ್. ಅವರು ಬೇರೆ ಹೇಳ್ತಾರೆ ಅಂದ್ರೆ ನನ್ನ ಕಣ್ಣಿಗೇ ಏನೋ ಆಗಿರ್ಬೇಕು.”

ಅವರು ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಡಲಿಲ್ಲ. ಮಾಲೀಕರು ನಯವಾಗಿಯೇ ಮಾತಾಡಿದರು. ವಯಸ್ಸಾಯಿತು ಅಣ್ಣ, ಇಷ್ಟು ವರ್ಷ ಮಾಡಿದ್ದೀರಿ, ಸ್ವಲ್ಪ ದಿನ ಬೆಂಚಿನ ಮೇಲೆ ಕೂತು ಕೆಲಸ ಮಾಡಿ ಎಂದರು. ಬೆಂಚಿನ ಕೆಲಸ ಎಂದರೆ ಪಿನ್ನುಗಳ ಅಂಚಿನಲ್ಲಿ ಉಳಿದ ಮುಳ್ಳನ್ನು ಅರದಿಂದ ಉಜ್ಜುವುದು. ಅದಕ್ಕೆ ಅಳತೆ ಬೇಡ, ಕಣ್ಣೂ ಅಷ್ಟಾಗಿ ಬೇಡ. ಮಧ್ಯಾಹ್ನವೇ ಅಣ್ಣ ಗ್ರೈಂಡರಿನ ಪಕ್ಕದ ಮೊಳೆಗೆ ನೇತುಹಾಕಿದ್ದ ತಮ್ಮ ಕನ್ನಡಕದ ಡಬ್ಬಿ ತೆಗೆದುಕೊಂಡು ಬೆಂಚಿಗೆ ಹೋಗಿ ಕೂತರು. ಶುಕ್ರವಾರ ಅರ್ಧ ದಿನ ರಜ ಹಾಕಿ ವಿಜಯನಗರದಲ್ಲಿ ಕಣ್ಣು ತೋರಿಸಿಕೊಂಡು ಬಂದರು. ಕನ್ನಡಕದ ನಂಬರ್ ಸ್ವಲ್ಪ ಏರಿದೆಯಂತೆ, ಬೇರೆ ಏನೂ ಇಲ್ಲವಂತೆ. ಅವರು ವೈದ್ಯರನ್ನು ಮೈಕ್ರಾನ್ ಗೆರೆ ಕಾಣುತ್ತದೆಯೇ ಎಂದು ಕೇಳಿದ್ದರಂತೆ. ಗೋಡೆಯ ಮೇಲಿನ ಅಕ್ಷರ ಓದಿದಿರಲ್ಲ, ಸಾಕು ಎಂದಿದ್ದರಂತೆ ವೈದ್ಯರು.

“ಗೋಡೆ ಮೇಲಿಂದು ಓದಿದ್ರೆ ಏನ್ ಬಂತು ಸಾರ್? ನಾನೇನು ಗೋಡೆ ಅರೀತೀನಾ?” ಎಂದು ನಕ್ಕರು. ಆಮೇಲೆ, ಈ ತಿಂಗಳು ಮುಗಿಸಿ ಕೆಲಸ ಬಿಡುತ್ತೇನೆ, ಬೆಂಚಿನ ಮೇಲೆ ಕೂತು ದಿನ ಕಳೆಯಲು ಮನಸ್ಸಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಶನಿವಾರ ಮಾಲೀಕರು ನನ್ನ ಮೇಜಿನ ಬಳಿ ಬಂದು ವರದಿ ಎಲ್ಲಿಗೆ ಬಂತು ಎಂದು ಕೇಳಿದರು. ನಾನಿನ್ನೂ ಒಂದು ಸಾಲೂ ಬರೆದಿರಲಿಲ್ಲ.

“ಸುಮ್ನೆ ಯಾಕೆ ಎಳೀತೀರಾ ಸಾರ್? ಆಪರೇಟರ್ ತಪ್ಪು, ಆಪರೇಟರನ್ನ ಬದಲಾಯಿಸಿದ್ದೀವಿ ಅಂತ ಬರೀರಿ. ಅವರಿಗೂ ಅದೇ ಬೇಕು, ಎರಡು ಸಾಲಲ್ಲಿ ಮುಗಿಯುತ್ತೆ.”

ಅವರು ಹೇಳಿದ್ದು ನಿಜ. ಅಂಥ ವರದಿಗಳನ್ನು ನಾನು ಎಷ್ಟೋ ಬರೆದಿದ್ದೆ, ಎಲ್ಲವನ್ನೂ ಮರುಮಾತಿಲ್ಲದೆ ಒಪ್ಪಿಕೊಂಡಿದ್ದರು. ಆದರೆ ಈ ಸಲ ಹಾಗೆ ಬರೆದರೆ ಅಣ್ಣ ತಾನೇ ನಂಬಲು ಶುರುಮಾಡಿದ್ದ ಒಂದು ಮಾತಿಗೆ ನಾನು ಮುದ್ರೆ ಒತ್ತಿದ ಹಾಗೆ ಆಗುತ್ತದೆ. ಸೋಮವಾರ ಸಂಜೆಯವರೆಗೆ ಸಮಯ ಇದೆ, ಅಲ್ಲಿಯವರೆಗೆ ಬರೆಯುವುದಿಲ್ಲ ಎಂದೆ. ಮಾಲೀಕರು ಹೆಗಲು ಕುಣಿಸಿ ಹೋದರು.

ಎಲ್ಲರೂ ಹೋದ ಮೇಲೆ ಗ್ರಾಫ್ ಕಾಗದ ತೆಗೆದು, ಗಿರಾಕಿ ಕಳಿಸಿದ ನಲವತ್ತು ಅಂಕಿಗಳನ್ನು ಒಂದೊಂದಾಗಿ ಚುಕ್ಕೆ ಇಟ್ಟೆ. ಇದನ್ನು ಗುರುವಾರವೇ ಮಾಡಬೇಕಿತ್ತು. ಚುಕ್ಕೆಗಳು ಒಂದೇ ಕಡೆ ಗುಂಪುಗೂಡಿದವು. ಮೂರು, ನಾಲ್ಕು, ಐದು, ನಾಲ್ಕು, ನಾಲ್ಕು, ಮೂರು. ಹೆಚ್ಚಿನವು ಮೂವತ್ತೆರಡಕ್ಕಿಂತ ನಾಲ್ಕು ಮೈಕ್ರಾನ್ ದಪ್ಪ, ಉಳಿದವು ಅದರ ಆಚೀಚೆ ಒಂದೊಂದು. ಕಣ್ಣು ಮಂಜಾದವರು ಅಳೆದು ಅರೆದಿದ್ದರೆ ಚುಕ್ಕೆಗಳು ಎತ್ತರಕ್ಕೂ ತಗ್ಗಿಗೂ ಚೆಲ್ಲಾಪಿಲ್ಲಿಯಾಗಬೇಕಿತ್ತು. ಕಾಣದ ಕಣ್ಣು ಪ್ರತಿಸಲವೂ ಒಂದೇ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ತಪ್ಪುವುದಿಲ್ಲ. ಇಷ್ಟು ಒತ್ತಾಗಿ ಚುಕ್ಕೆ ಕೂರಿಸುವ ಕೈ ಪೀಣ್ಯದ ಕಾರ್ಖಾನೆಗಳನ್ನೆಲ್ಲ ಹುಡುಕಿದರೂ ಸುಲಭವಾಗಿ ಸಿಗಲಾರದು. ಅವರ ಕೈ ಸರಿ ಇತ್ತು, ಕಣ್ಣೂ ಸರಿ ಇತ್ತು. ಮೈಕ್ರೊಮೀಟರ್ ಎಣಿಸಲು ಶುರುಮಾಡುವ ಗುರುತು, ಅವರಿಗೆ ಕೊಟ್ಟ ಸೊನ್ನೆಯೇ, ನಾಲ್ಕು ಮೈಕ್ರಾನ್ ಪಕ್ಕಕ್ಕೆ ಸರಿದಿತ್ತು.

ಆ ಸೊನ್ನೆಯನ್ನು ಕೊಡುವವನು ನಾನು.

ರಿಜಿಸ್ಟರ್ ತೆಗೆದೆ. ವಿಜಯದಶಮಿಯ ದಿನದ ಸಾಲು ನನ್ನದೇ ಅಕ್ಷರದಲ್ಲಿತ್ತು. ಇಪ್ಪತ್ತೈದರ ರಾಡ್ ಶುಚಿ ಮಾಡಿ ನೋಡಿದೆ, ನಾಲ್ಕು ಹೆಚ್ಚು ತೋರಿತು, ಸರಿಪಡಿಸಿದೆ ಎಂದು ಬರೆದು ಸಹಿ ಹಾಕಿದ್ದೆ. ಅದಕ್ಕೆ ಮುಂಚಿನ ಆರು ತಿಂಗಳ ಸಾಲುಗಳಲ್ಲಿ ಆ ಮೈಕ್ರೊಮೀಟರ್ ಒಂದು ಮೈಕ್ರಾನ್ ಕೂಡ ಅಲುಗಿದ ದಾಖಲೆ ಇಲ್ಲ. ಇದ್ದಕ್ಕಿದ್ದಂತೆ ನಾಲ್ಕು ಸರಿದಿತ್ತು, ನಾನು ಯಾಕೆ ಎಂದು ಕೇಳದೆ ತಿರುಪು ತಿರುಗಿಸಿದ್ದೆ. ಎಲ್ಲರನ್ನೂ ಯಾಕೆ ಯಾಕೆ ಎಂದು ಪೀಡಿಸುತ್ತಾನೆ ಎಂದು ಶೆಡ್ಡಿನಲ್ಲಿ ಹೆಸರಾದವನು ನಾನು.

ಆಮೇಲಿನ ವಾರಗಳಲ್ಲೂ ನೋಡಿದ್ದೆ. ವಾರಕ್ಕೊಂದು ಸಾಲು, ಪ್ರತಿ ಸಾಲಿನಲ್ಲೂ ಸರಿ ಇದೆ ಎಂಬ ಮಾತು, ರಾಡನ್ನು ಮತ್ತೆ ಒರೆಸಿದೆ ಎಂದು ಒಂದರಲ್ಲೂ ಇಲ್ಲ. ಅದೇ ರಾಡಿನಿಂದ ನೋಡಿದರೆ ಸರಿ ಇರದೆ ಏನಾಗುತ್ತದೆ? ರಾಡೇ ಸುಳ್ಳಾಗಿದ್ದರೆ ಮೈಕ್ರೊಮೀಟರ್ ಆ ಸುಳ್ಳನ್ನು ಪ್ರತಿ ವಾರವೂ ನಿಷ್ಠೆಯಿಂದ ಒಪ್ಪಿಸುತ್ತಿರುತ್ತದೆ. ಗುರುವಾರ ಎಲ್ಲರ ಎದುರು ನಾನು ಮಾಡಿ ತೋರಿಸಿದ್ದೂ ಅದನ್ನೇ.

ಆದರೆ ರಾಡನ್ನು ಶುಚಿ ಮಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ನನ್ನದೊಂದು ಅಭ್ಯಾಸವಿದೆ, ಓದುವ ದಿನಗಳಿಂದ ಬಂದದ್ದು. ಯಾವುದಾದರೂ ನೆನಪನ್ನು ಪರೀಕ್ಷಿಸಬೇಕಾದರೆ, ಸಾಕ್ಷ್ಯ ನೋಡುವುದಕ್ಕೆ ಮೊದಲು ಅದನ್ನು ಕಾಗದದ ಮೇಲೆ ಬರೆದಿಡುತ್ತೇನೆ. ಇಲ್ಲದಿದ್ದರೆ ನೆನಪು ಸಾಕ್ಷ್ಯಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಂಡು, ನಾನು ಮೊದಲೇ ಹೇಳಿರಲಿಲ್ಲವೇ ಎನ್ನುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದೆ: ಬೀರು ತೆಗೆದದ್ದು, ಹಸಿರು ಬಟ್ಟೆ ಹಾಸಿದ ಮರದ ಪೆಟ್ಟಿಗೆಯಿಂದ ರಾಡ್ ಎತ್ತಿದ್ದು, ಸ್ಪಿರಿಟ್ಟಿನಲ್ಲಿ ಅದ್ದಿದ ಚರ್ಮದ ತುಂಡಿನಿಂದ ಎರಡೂ ತುದಿ ಒರೆಸಿದ್ದು, ಸ್ಪಿರಿಟ್ಟಿನ ತಂಪು ಬೆರಳಿಗೆ ತಾಗಿದ್ದು, ಪಕ್ಕದಲ್ಲಿ ನಿಂತ ಅಣ್ಣ ಆಯ್ತಾ ಸಾರ್ ಎಂದು ಕೇಳಿದ್ದು. ಕೋರ್ಟಿನಲ್ಲಿ ನಿಂತು ಪ್ರಮಾಣ ಮಾಡಿ ಹೇಳಬಹುದಾದಷ್ಟು ಸ್ಪಷ್ಟವಾಗಿತ್ತು.

ಆಮೇಲೆ ಹಾಜರಿ ಪುಸ್ತಕ ನೋಡಿದೆ. ವಿಜಯದಶಮಿಯ ದಿನ ಅಣ್ಣ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ನನ್ನ ಸಾಲಿನ ಪಕ್ಕದಲ್ಲಿ ಬೆಳಿಗ್ಗೆ ಒಂಬತ್ತೂವರೆ ಎಂದಿತ್ತು. ಅಂದರೆ ಪಕ್ಕದಲ್ಲಿ ಅವರು ನಿಂತಿರಲು ಸಾಧ್ಯವೇ ಇರಲಿಲ್ಲ.

ಫೋನ್ ತೆಗೆದು ಶೆಡ್ಡಿನ ವಾಟ್ಸಾಪ್ ಗುಂಪಿನಲ್ಲಿ ಹಿಂದಕ್ಕೆ ಹೋದೆ. ಆಯುಧಪೂಜೆಯ ದಿನ ಮಾಲೀಕರ ಹೆಂಡತಿ ಹಾಕಿದ ಫೋಟೋಗಳು ಸಿಕ್ಕವು. ಪ್ರತಿ ವರ್ಷವೂ ಯಂತ್ರಗಳಿಗೆ ಬಾಳೆಕಂದು ಕಟ್ಟಿ, ಅಳತೆಯ ಉಪಕರಣಗಳನ್ನೆಲ್ಲ ದೇವರ ಫೋಟೋದ ಮುಂದಿನ ಮಣೆಯ ಮೇಲೆ ಇಟ್ಟು ಪೂಜೆ ಮಾಡುತ್ತೇವೆ. ಅಂದು ಅವನ್ನು ಯಾರೂ ಮುಟ್ಟುವಂತಿಲ್ಲ. ಮಾರನೆಯ ದಿನ ಬೆಳಿಗ್ಗೆ ಮಂಗಳಾರತಿ ಮಾಡಿ, ಮಣೆ ಕದಲಿಸಿ, ಆಮೇಲೆ ಎತ್ತಿಕೊಳ್ಳಬೇಕು. ಫೋಟೋದಲ್ಲಿ ಸೆಟ್ಟಿಂಗ್ ರಾಡ್ ಪೆಟ್ಟಿಗೆಯಲ್ಲಿರಲಿಲ್ಲ. ಪುಟ್ಟ ಲಿಂಗದ ಹಾಗೆ ಮಣೆಯ ಮೇಲೆ ನೆಟ್ಟಗೆ ನಿಂತಿತ್ತು, ಅದರ ನೆತ್ತಿಯ ಮೇಲೆ ದುಂಡನೆಯ ಕೆಂಪು ಬೊಟ್ಟು.

ಆ ಬೊಟ್ಟು ಕುಂಕುಮದ ಪುಡಿಯದ್ದಲ್ಲ. ಪುಡಿಯಲ್ಲಿ ಕಣ ಇರುತ್ತದೆ, ಉಪಕರಣಗಳ ನಯವಾದ ಮುಖಕ್ಕೆ ಗೀರು ಬೀಳುತ್ತದೆ, ಹಚ್ಚಲೇಬೇಕಾದರೆ ಬಾಟಲಿಯಲ್ಲಿ ಸಿಗುವ ದ್ರವ ಕುಂಕುಮ ಹಚ್ಚಿ ಎಂದು ಆ ವರ್ಷ ದೊಡ್ಡ ವಿಜ್ಞಾನಿಯ ಹಾಗೆ ಸಲಹೆ ಕೊಟ್ಟವನು ನಾನೇ. ಮುಚ್ಚಳದಲ್ಲೇ ಕಡ್ಡಿ ಇರುವ ಸಣ್ಣ ಬಾಟಲಿಯನ್ನು ಬಸವೇಶ್ವರನಗರದಲ್ಲಿ ನಮ್ಮ ಮನೆಯ ಹತ್ತಿರದ ಅಂಗಡಿಯಿಂದ ತಂದುಕೊಟ್ಟವನೂ ನಾನೇ. ಅದು ಒಣಗಿದರೆ ವಾರ್ನಿಶ್ ಹಾಗೆ ಗಟ್ಟಿಯಾಗುತ್ತದೆ ಎಂದು ಯೋಚಿಸಿರಲಿಲ್ಲ.

ಮಾರನೆಯ ದಿನದ ಫೋಟೋಗಳಲ್ಲಿ ಒಂದರಲ್ಲಿ ನಾನಿದ್ದೆ. ಮಣೆಯ ಪಕ್ಕ ನಿಂತಿದ್ದೇನೆ, ಎಡಗೈಯಲ್ಲಿ ಕಡಲೆ ಉಸ್ಲಿಯ ತಟ್ಟೆ, ಬಲಗೈಯಲ್ಲಿ ರಾಡು ಮತ್ತು ಕರವಸ್ತ್ರ. ಎದುರಿನ ಮೇಜಿನ ಮೇಲೆ ಮೈಕ್ರೊಮೀಟರ್. ಸಮಯ ಒಂಬತ್ತು ಇಪ್ಪತ್ತಾರು. ಬೀರು ಇಲ್ಲ, ಮರದ ಪೆಟ್ಟಿಗೆ ಇಲ್ಲ, ಸ್ಪಿರಿಟ್ ಇಲ್ಲ, ಚರ್ಮ ಇಲ್ಲ. ಒಣ ಕರವಸ್ತ್ರದಿಂದ ಬೊಟ್ಟನ್ನು ಉಜ್ಜಿ, ಕೆಂಪು ಹೋದದ್ದನ್ನು ನೋಡಿ ಶುಚಿಯಾಯಿತು ಎಂದುಕೊಂಡಿದ್ದೇನೆ. ಅಂದು ಉಸ್ಲಿ ತಿಂದ ನೆನಪು ಕೂಡ ನನಗಿಲ್ಲ. ನಾನು ಬರೆದಿಟ್ಟದ್ದು ಬೇರೆ ಯಾವುದೋ ದಿನದ್ದು, ಅಥವಾ ಹತ್ತಾರು ದಿನಗಳನ್ನು ಕೂಡಿಸಿ ಮನಸ್ಸು ಹೊಲಿದ ಒಂದು ದಿನ. ರಿಜಿಸ್ಟರಿನಲ್ಲಿ ಶುಚಿ ಮಾಡಿ ಎಂದು ಬರೆದದ್ದು ಕೈಯ ರೂಢಿ, ಅಷ್ಟೇ.

ರಾಡನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಓರೆ ಹಿಡಿದಾಗ ಒಂದು ತುದಿ ಸ್ವಲ್ಪ ಹೆಚ್ಚು ಹೊಳೆಯುತ್ತದೆಯೇ ಎಂದು ಅನ್ನಿಸಿತು. ಆಗಷ್ಟೇ ನನ್ನ ಅನ್ನಿಸಿಕೆಗಳ ಯೋಗ್ಯತೆ ನೋಡಿದ್ದರಿಂದ ಅದನ್ನು ನಂಬಲಿಲ್ಲ. ಸ್ಪಿರಿಟ್ಟಿನಿಂದ ಒರೆಸಿಬಿಡಬೇಕು ಎಂದು ಕೈ ತುರಿಸಿತು. ಒರೆಸಿದರೆ ಸಾಕ್ಷ್ಯ ಹೋಗುತ್ತದೆ. ಹಾಗೇ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಚೀಲದಲ್ಲಿಟ್ಟು ಮನೆಗೆ ತಂದೆ. ಭಾನುವಾರ ಇಡೀ ದಿನ ಅದನ್ನು ಮುಟ್ಟಲಿಲ್ಲ.

ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯಲ್ಲಿ ಅಳತೆಯ ಉಪಕರಣಗಳನ್ನೇ ಅಳೆದು ಪ್ರಮಾಣಪತ್ರ ಕೊಡುವ ಚಿಕ್ಕ ಪ್ರಯೋಗಾಲಯವಿದೆ. ನಡೆಸುವವರು ನನ್ನ ವಯಸ್ಸಿನ ಹೆಂಗಸು, ಮಾತಿನಲ್ಲಿ ಖಾರ. ಸೋಮವಾರ ಬೆಳಿಗ್ಗೆ ಅವರು ಶಟರ್ ಎತ್ತುವ ಹೊತ್ತಿಗೆ ನಾನು ಮೆಟ್ಟಿಲ ಮೇಲಿದ್ದೆ. ಮೊದಲು ಇದ್ದಹಾಗೇ ಅಳೆಯಿರಿ, ಒರೆಸಬೇಡಿ ಎಂದೆ. ಯಾಕೆ ಎಂದು ಹೇಳಲಿಲ್ಲ. ಹೇಳಿದರೆ ಅವರೂ ನಾಲ್ಕನ್ನೇ ಹುಡುಕುತ್ತಾರೆ.

ಉಕ್ಕು ಶಾಖಕ್ಕೆ ಹಿಗ್ಗುತ್ತದೆ, ಆದ್ದರಿಂದ ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ರಾಡ್ ಒಂದು ಗಂಟೆ ತಣ್ಣಗೆ ಮಲಗಬೇಕು. ಅಷ್ಟು ಹೊತ್ತು ನಾನು ಗಾಜಿನ ಈಚೆ ಎದ್ದು ಕೂತು ಎದ್ದು ಕೂತು ಮಾಡಿದೆ. ಆಮೇಲೆ ಅವರು ಇಕ್ಕುಳದಿಂದ ರಾಡನ್ನು ಎತ್ತಿ ತಮ್ಮ ಯಂತ್ರದ ಸೂಜಿಯ ಕೆಳಗೆ ಇಟ್ಟರು. ಭೂತಗನ್ನಡಿ ಹಿಡಿದು ಅದರ ತುದಿಯನ್ನು ನೋಡಿ, ಗಾಜಿನ ಬಾಗಿಲು ಅರ್ಧ ಸರಿಸಿದರು.

“ಏನ್ ಸಾರ್, ರಾಡಿಗೆ ನೇಲ್ ಪಾಲಿಶ್ ಹಾಕ್ಸಿದೀರಾ? ಮದುವೆ ಗಿದುವೆ ಇತ್ತಾ?”

“ಎಷ್ಟು ಬಂತು ಹೇಳಿ ಮೇಡಂ.”

“ನಾಲ್ಕು ಜಾಸ್ತಿ. ಮೂರು ಸಲ ನೋಡ್ದೆ, ನಾಲ್ಕೇ.”

ನಂತರ ಉಗುರು ಬಣ್ಣ ತೆಗೆಯುವ ದ್ರವವನ್ನೇ ಹತ್ತಿಗೆ ಹಚ್ಚಿ ತುದಿಯನ್ನು ಒರೆಸಿದರು. ಹತ್ತಿಯ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ನಸುಗೆಂಪು ಬಂತು. ಮತ್ತೆ ಅರ್ಧ ಗಂಟೆ ಕಾದು ಅಳೆದಾಗ ರಾಡು ನಿಖರವಾಗಿ ಇಪ್ಪತ್ತೈದು. ಎರಡೂ ಅಳತೆಗಳನ್ನು ಬರೆದು, ಮೊಹರು ಹಾಕಿ ಕೊಡಿ ಎಂದು ಕೇಳಿ ಪಡೆದುಕೊಂಡೆ.

ಲೆಕ್ಕ ಸರಳ. ಬಣ್ಣದ ಪೊರೆಯಿಂದ ರಾಡು ನಾಲ್ಕು ಮೈಕ್ರಾನ್ ಉದ್ದವಾಗಿತ್ತು. ಅದನ್ನು ಇಪ್ಪತ್ತೈದು ಎಂದು ನಂಬಿ ನಾನು ಮೈಕ್ರೊಮೀಟರನ್ನು ತಿರುಗಿಸಿದೆ. ಅಂದಿನಿಂದ ಅದು ಎಲ್ಲವನ್ನೂ ನಾಲ್ಕು ಕಡಿಮೆ ಓದಿತು. ಅಣ್ಣ ಅದರಲ್ಲಿ ಸರಿಯಾಗಿ ಮೂವತ್ತೆರಡು ಕಂಡಾಗ ಪಿನ್ನು ನಾಲ್ಕು ಮೈಕ್ರಾನ್ ದಪ್ಪವೇ ಇತ್ತು.

ಶೆಡ್ಡಿಗೆ ಬಂದಾಗ ಹನ್ನೆರಡೂವರೆ. ಮಾಲೀಕರ ಮುಂದೆ ಗ್ರಾಫು, ರಿಜಿಸ್ಟರು, ಪ್ರಯೋಗಾಲಯದ ಕಾಗದ, ಎಲ್ಲ ಹರಡಿ ಹೇಳಿದೆ. ಅವರು ದಡ್ಡರಲ್ಲ, ಅರ್ಧದಲ್ಲೇ ಅರ್ಥವಾಯಿತು. ಆದರೆ ಅವರಿಗೆ ಕಂಡದ್ದು ನನಗೆ ಕಂಡದ್ದಕ್ಕಿಂತ ಮುಂದಿನದು. ಆಪರೇಟರ್ ತಪ್ಪು ಎಂದರೆ ಒಂದು ಲಾಟಿಗೆ ಮುಗಿಯುತ್ತದೆ. ಸೊನ್ನೆಯೇ ತಪ್ಪಾಗಿತ್ತು ಎಂದರೆ ದಸರಾ ಆದ ಮೇಲೆ ಹೋದ ಮೂರೂ ಲಾಟು ಅನುಮಾನ, ಮೊದಲೆರಡನ್ನೂ ವಾಪಸ್ ತರಿಸಬೇಕು. ತಪ್ಪನ್ನು ನಾವೇ ಕೂಗಿ ಹೇಳಿದ ಹಾಗೆ.

“ಕುಂಕುಮದಿಂದ ಮಾಲ್ ರಿಜೆಕ್ಟ್ ಆಯ್ತು ಅಂತ ಬರೀತೀರಾ ಸಾರ್? ನಗ್ತಾರೆ.”

“ನಗಲಿ. ನಾನು ಒರೆಸಲಿಲ್ಲ ಅಂತ ಬರೀತೀನಿ. ಕುಂಕುಮದ್ದೇನೂ ತಪ್ಪಿಲ್ಲ, ಹಚ್ಚಿದ ನಿಮ್ಮ ಮನೆಯವರದ್ದೂ ತಪ್ಪಿಲ್ಲ.”

“ಅಣ್ಣನ್ನ ನಾನು ಮತ್ತೆ ಗ್ರೈಂಡರ್ ಮೇಲೆ ಕೂರಿಸ್ತೀನಿ. ಅದು ನಿಮಗೆ ಬೇಕು ತಾನೆ? ಕಾಗದದಲ್ಲಿ ಮಾತ್ರ ಆಪರೇಟರ್ ಅಂತ ಇರಲಿ. ಹೆಸರು ಹಾಕೋದು ಬೇಡ.”

ಈ ಮಾತು ನನ್ನನ್ನು ಒಂದು ಕ್ಷಣ ನಿಲ್ಲಿಸಿತು ಎಂದು ಒಪ್ಪಿಕೊಳ್ಳಬೇಕು. ಅಣ್ಣನಿಗೆ ಯಂತ್ರ ಸಿಗುತ್ತದೆ, ಶೆಡ್ಡಿಗೆ ತೊಂದರೆ ತಪ್ಪುತ್ತದೆ, ನನ್ನ ಹೆಸರೂ ಎಲ್ಲೂ ಬರುವುದಿಲ್ಲ. ಆದರೆ ಆ ಮೊದಲೆರಡು ಲಾಟಿನಲ್ಲಿ ಹೇಗೋ ಒತ್ತಿ ಇಳಿಸಿರುವ ಪಿನ್ನುಗಳು ಎಲ್ಲೋ ರಂಧ್ರದೊಳಗೆ ಬಿಗಿಯಾಗಿ ಕೂತು ತಿರುಗುತ್ತಿರುತ್ತವೆ. ಇನ್ನೊಂದು ಸಲ ಏನಾದರೂ ಹೆಚ್ಚುಕಡಿಮೆಯಾದರೆ ಆ ಕಾಗದ ಮತ್ತೆ ಹೊರಗೆ ಬರುತ್ತದೆ, ಗ್ರೈಂಡರಿನ ಮೇಲೆ ಇರುವವರು ಯಾರು ಎಂದು ಎಲ್ಲರಿಗೂ ಗೊತ್ತು. ಆಗುವುದಿಲ್ಲ ಎಂದೆ. ಅವರು ದನಿ ಏರಿಸಿದರು, ನಾನೂ ಏರಿಸಿದೆ. ಕೊನೆಗೆ ಅವರು, ಹಾಗಿದ್ದರೆ ಗಿರಾಕಿಯ ಮುಂದೆ ನೀವೇ ಹೋಗಿ ನಿಲ್ಲಿ, ವಾಪಸ್ ಬರುವ ಪಿನ್ನುಗಳನ್ನು ಒಂದೂ ಬಿಡದೆ ನೀವೇ ಅಳೆಯಿರಿ ಎಂದರು. ಎರಡಕ್ಕೂ ಒಪ್ಪಿದೆ. ನಾಲ್ಕು ಗಂಟೆಗೆ ವರದಿ ಕಳಿಸಿದೆ. ಕಾರಣ ಎಂಬ ಜಾಗದಲ್ಲಿ, ಸೆಟ್ಟಿಂಗ್ ರಾಡಿನ ತುದಿಯಲ್ಲಿ ಒಣಗಿದ ಬಣ್ಣದ ಪೊರೆ ಇದ್ದದ್ದನ್ನು ಪರೀಕ್ಷಕ ಗಮನಿಸಲಿಲ್ಲ, ಶುಚಿ ಮಾಡಿದೆ ಎಂದು ತಪ್ಪಾಗಿ ದಾಖಲಿಸಿದ ಎಂದು ಬರೆದು ಕೆಳಗೆ ಸಹಿ ಹಾಕಿದೆ.

ಅಣ್ಣ ಬೆಂಚಿನ ಮೇಲೆ ಅರ ಉಜ್ಜುತ್ತಿದ್ದರು. ಪಕ್ಕದಲ್ಲಿ ಸ್ಟೂಲು ಎಳೆದು ಕೂತು ಮೊದಲಿನಿಂದ ಹೇಳಿದೆ. ಉಸ್ಲಿ ತಟ್ಟೆಯ ಫೋಟೋವನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಕೋಪ ಬರಬಹುದು ಎಂದು ಕಾದೆ. ಅವರು ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟರು.

“ನಾಕು ದಿನ ಆಯ್ತು ಸಾರ್. ಮನೇಲಿ ಅಕ್ಕಿಲಿ ಕಲ್ಲು ಆರಿಸೋಕೆ ಕೂತ್ರೂ, ಇದು ಕಲ್ಲೋ ಅಕ್ಕಿನೋ ಅಂತ ಹೆಂಡತಿನ ಕೇಳ್ತಾ ಇದ್ದೆ. ಬಸ್ಸಿನ ಬೋರ್ಡು ಕಾಣ್ತಾ ಇದ್ರೂ ಪಕ್ಕದವರನ್ನ ಕೇಳಿ ಹತ್ತುತಿದ್ದೆ.”

“ತಪ್ಪಾಯ್ತು ಅಣ್ಣ.”

“ಗುರುವಾರ ನೀವು ರಾಡ್ ಹಿಡಿದು ತೋರಿಸಿದ್ರಲ್ಲ, ಆಗ್ಲೇ ನನಗೆ ನನ್ನ ಮೇಲೆ ನಂಬಿಕೆ ಹೋಗಿದ್ದು. ನೀವು ಓದಿದೋರು, ನೀವು ಹೇಳಿದ್ಮೇಲೆ ಮುಗೀತು ಅಂದ್ಕೊಂಡೆ.” ಅರವನ್ನು ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟರು. “ಇನ್ಮೇಲೆ ರಾಡ್ ನನ್ನ ಹತ್ರಾನೂ ಒಂದು ಇರಲಿ.”

ಇರಲಿ ಎಂದೆ. ಅವರು ಗ್ರೈಂಡರಿಗೆ ಮರಳಿದರು, ಕೆಲಸ ಬಿಡುವ ಮಾತನ್ನೂ ಬಿಟ್ಟರು. ಆ ವಾರವೇ ಎರಡನೆಯ ರಾಡ್ ತರಿಸಿದೆವು. ಅದು ಅವರ ಬಳಿ ಇರುತ್ತದೆ, ಬೀಗವೂ ಅವರದ್ದೇ. ನಾನು ಏನೇ ಹೇಳಿದರೂ ಅವರು ಅದರಿಂದ ಒಮ್ಮೆ ನೋಡಿಯೇ ಕೆಲಸ ಶುರುಮಾಡುವುದು.

ಗಿರಾಕಿಯ ಕಚೇರಿಯಲ್ಲಿ ನನಗೆ ಆದ ಮಂಗಳಾರತಿಯನ್ನು ಇಲ್ಲಿ ಬರೆಯಬೇಕಾಗಿಲ್ಲ. ಅಲ್ಲಿನ ಯುವ ಎಂಜಿನಿಯರ್ ಒಬ್ಬರು ವರದಿ ಓದಿ ನಗಲಿಲ್ಲ. ಅವರಲ್ಲೂ ಹಬ್ಬಕ್ಕೆ ಉಪಕರಣಗಳಿಗೆ ಗಂಧ ಹಚ್ಚುತ್ತಾರಂತೆ. ಮೂರೂ ಲಾಟಿನಲ್ಲಿ ಉಳಿದಿದ್ದ ಪಿನ್ನುಗಳು ವಾಪಸ್ ಬಂದವು. ದಪ್ಪವಿದ್ದದ್ದರಿಂದ ಮತ್ತೆ ಅರೆದು ಸರಿಮಾಡಬಹುದಿತ್ತು, ತೆಳ್ಳಗಾಗಿದ್ದರೆ ಗುಜರಿಗೇ ಹೋಗುತ್ತಿದ್ದವು. ಆ ವಿಜಯದಶಮಿಯ ಬೆಳಿಗ್ಗೆಯ ಸುಳ್ಳು ನೆನಪು ಮಾತ್ರ ಇಂದಿಗೂ ಅಳಿಸಿಲ್ಲ. ಸ್ಪಿರಿಟ್ಟಿನ ತಂಪು ಈಗಲೂ ಬೆರಳಿಗೆ ತಾಗುತ್ತದೆ. ಅದು ನಡೆದಿಲ್ಲ ಎಂದು ಗೊತ್ತಿದ್ದೂ ಮನಸ್ಸು ಅದನ್ನು ಬಿಟ್ಟುಕೊಡುವುದಿಲ್ಲ. ನಾನೂ ಅದರ ಮಾತು ಕೇಳುವುದನ್ನು ಬಿಟ್ಟಿದ್ದೇನೆ. ಏನನ್ನಾದರೂ ಮಾಡಿದೆ ಎಂದು ಬರೆಯುವ ಮೊದಲು ಈಗ ಇನ್ನೊಮ್ಮೆ ಮಾಡುತ್ತೇನೆ.

ಪಿನ್ನಿನ ಪೆಟ್ಟಿಗೆಗಳು ವಾಪಸ್ ಬಂದ ಬೆಳಿಗ್ಗೆ ಅಣ್ಣ ಗ್ರೈಂಡರಿಗೆ ಎಣ್ಣೆ ಹಾಕಿ ಸಿದ್ಧವಾಗಿದ್ದರು. ಮೊದಲ ಪಿನ್ನನ್ನು ಸರಿಪಡಿಸಿದ ಮೈಕ್ರೊಮೀಟರಿನಲ್ಲಿ ಅಳೆದರು. ನಾಲ್ಕು ಜಾಸ್ತಿ ಎಂದರು. ಯಂತ್ರಕ್ಕೆ ಕೊಟ್ಟು, ಚಕ್ರವನ್ನು ಮುಟ್ಟಿಯೂ ಮುಟ್ಟದ ಹಾಗೆ ತಂದರು. ಸಣ್ಣಗೆ ಕಿಡಿ ಹಾರಿತು, ನಿಂತಿತು. ಪಿನ್ನನ್ನು ಬಿಚ್ಚಿ, ಒರೆಸಿ, ತಣ್ಣಗಾಗಲು ಕಲ್ಲಿನ ಮೇಲಿಟ್ಟು ಕಾದರು. ಮೈಕ್ರೊಮೀಟರ್ ಎತ್ತಿ ಕನ್ನಡಕ ಸರಿಮಾಡಿಕೊಂಡಾಗ ನಾನು ತಿಳಿಯದೆಯೇ ಅವರ ಭುಜದ ಮೇಲಿಂದ ಬಗ್ಗಿದ್ದೆ.

“ಆಚೆ ಹೋಗಿ ಸಾರ್. ನಿಮ್ಮ ನೆರಳು ಗೆರೆ ಮೇಲೆ ಬೀಳ್ತಿದೆ.”

ಹೋದೆ. ನನ್ನ ಮೇಜಿನ ಪಕ್ಕ ಉಳಿದ ಪೆಟ್ಟಿಗೆಗಳು ಸೊಂಟದವರೆಗೆ ಇದ್ದವು. ಮೇಲಿನದನ್ನು ಇಳಿಸಿ, ಪಟ್ಟಿ ಕತ್ತರಿಸಿ, ಅಳೆಯಲು ಮೊದಲ ಪಿನ್ನನ್ನು ಕೈಗೆ ತೆಗೆದುಕೊಂಡೆ.